ಎರಡನೆಯ ಹೊಲಿಗೆ

ವರ್ಷದ ಕೊನೆಯ ರಜೆಗೆ ಮನೆಯವರೆಲ್ಲ ಸೇರುವುದು ಅಣ್ಣನಲ್ಲಿಗೆ. ಕೆಳಗೆ ಅವನ ಹೊಲಿಗೆ ಅಂಗಡಿ, ಮೇಲೆ ಮನೆ. ಯಾರು ಎಷ್ಟೇ ದೂರದಿಂದ ಬಂದರೂ ಹೊಸ ಬಟ್ಟೆ ತರುವಂತಿಲ್ಲ. ಅದು ಅಣ್ಣನ ಪಾಲಿನದು. ಅವನು ತಿಂಗಳ ಮೊದಲೇ ಎಲ್ಲರನ್ನೂ ಕರೆಸಿ ಅಳತೆ ತೆಗೆದುಕೊಂಡು, ಹೊಲಿದು, ಇಸ್ತ್ರಿ ಮಾಡಿ ಮಂಚದ ಮೇಲೆ ಸಾಲಾಗಿ ಹಾಸಿರುತ್ತಾನೆ. ಮೊದಲ ದಿನದ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಅದನ್ನು ತೊಟ್ಟೇ ಕೂರಬೇಕು.

ಆ ವರ್ಷ ಅವನ ದೊಡ್ಡ ತಂಗಿ ಆ ದಿನಕ್ಕಾಗಿ ಒಳಗೊಳಗೇ ಕಾಯುತ್ತಿದ್ದಳು. ಬಟ್ಟೆಗೆ ಅಂತಲ್ಲ. ಚಿಕ್ಕಂದಿನಿಂದ ಅವಳು ದುಂಡಿ. ಹೆಸರು ಹಿಡಿದು ಕರೆದವರಿಲ್ಲ. ಮನೆ ತುಂಬ ತಿಂಡಿಪೋತರಿದ್ದರೂ ಮೈಗೆ ಹತ್ತಿದ್ದು ಅವಳೊಬ್ಬಳಿಗೇ ಎನ್ನುವುದು ಹಳೆಯ ತಮಾಷೆ. ಈಗ ದುಂಡಿ ಅರ್ಧ ಕರಗಿದ್ದಳು. ಅದನ್ನು ಯಾರಾದರೂ ಹೊಗಳಲಿ ಎಂಬ ಆಸೆಯೂ ಅವಳಿಗಿರಲಿಲ್ಲ. ಎಲ್ಲರ ಜೊತೆ ಕೂತು, ತನಗೆ ಬೇಕಾದಷ್ಟು ತಿಂದು, ಸಾಕು ಅನ್ನಿಸಿದಾಗ ಸಾಕು ಎಂದು ಏಳಬೇಕು. ಅಷ್ಟೇ.

ಅವಳ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗಾಜಿನ ಅಂಚನ್ನು ಉಜ್ಜುವ ಯಂತ್ರದ ಮುಂದೆ ಕೂತು, ಫ್ರೇಮಿಗೆ ಕೂರುವವರೆಗೆ ಸವೆಸುವುದು. ಒಂದು ಕೂದಲೆಳೆ ಹೆಚ್ಚು ಸವೆದರೂ ಗಾಜು ಅಲುಗಾಡುತ್ತದೆ. ಕಳೆದ ವರ್ಷ ಒಂದು ದಿನ ಗಾಜಿನ ಮೇಲೆ ಕಪ್ಪು ಚುಕ್ಕೆಯೊಂದು ಕಂಡಿತು. ಒರೆಸಿದಳು, ಹೋಗಲಿಲ್ಲ. ಬೇರೆ ಗಾಜು ತೆಗೆದುಕೊಂಡಳು, ಅದರಲ್ಲೂ ಇತ್ತು. ಗೋಡೆಯನ್ನು ನೋಡಿದರೆ ಗೋಡೆಯ ಮೇಲೂ ಇತ್ತು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಗೆ ಇಳಿದಿದೆ ಎಂದು ಕಣ್ಣಿನ ಡಾಕ್ಟರು ಹೇಳಿದರು. ಹೋದದ್ದು ವಾಪಸ್ ಬರೋದಿಲ್ಲ, ಇರೋದನ್ನ ಉಳಿಸ್ಕೋಬಹುದು, ಅದು ನಿಮ್ಮ ಕೈಲೂ ಇದೆ, ನಿಮ್ಮ ಬಾಯಲ್ಲೂ ಇದೆ ಅಂದರು.

ಇದನ್ನು ಅವಳು ಅಣ್ಣನಿಗೆ ಮಾತ್ರ ಹೇಳಿದ್ದಳು. ಅಮ್ಮನಿಗೆ ಹೇಳದಿರಲು ಕಾರಣ ಅಪ್ಪ. ಅಪ್ಪನಿಗೂ ಇದೇ ಕಾಯಿಲೆ ಇತ್ತು. ಗೊತ್ತಾದ ದಿನದಿಂದ ಅಮ್ಮ ಅವನ ತಟ್ಟೆಯನ್ನು ಬೇರೆ ಮಾಡಿದಳು, ಕುರ್ಚಿಯನ್ನು ಮೂಲೆಗೆ ಸರಿಸಿದಳು. ಅವನ ಕಣ್ಣಿಗೆ ಬೀಳಬಾರದೆಂದು ಉಳಿದವರು ಬಾಗಿಲು ಹಾಕಿಕೊಂಡು ಸಿಹಿ ತಿನ್ನುತ್ತಿದ್ದರು. ಕಾಯಿಲೆಗಿಂತ ಮೊದಲೇ ಅಪ್ಪ ಆ ಮೂಲೆಯಲ್ಲಿ ಸತ್ತಿದ್ದ ಎಂದು ಅವಳಿಗೆ ಆಗಾಗ ಅನ್ನಿಸುತ್ತಿತ್ತು. ಅದನ್ನು ಯಾರಲ್ಲೂ ಆಡಿರಲಿಲ್ಲ. ಅವರ ಮನೆಯಲ್ಲಿ ಇಂಥವನ್ನು ಆಡುವವರಿಲ್ಲ.

ಅಳತೆಗೆ ಹೋದಾಗ ಅಣ್ಣ ಟೇಪನ್ನು ಅವಳ ನಡುವಿಗೆ ಸುತ್ತಿ, ನೋಡಿ, ಮತ್ತೆ ಸುತ್ತಿ ನೋಡಿದ್ದ.

"ಏನೇ ಇದು! ಅರ್ಧ ದುಂಡಿ ಎಲ್ಲೋಯ್ತೇ?"

"ತಿನ್ಲಿಲ್ಲ, ಹೋಯ್ತು."

"ಭಲೇ!" ಎಂದು ಅವಳ ತಲೆಯ ಮೇಲೆ ಕೈಯಿಟ್ಟಿದ್ದ. "ಅಮ್ಮಂಗೆ ನಾನೇನೂ ಹೇಳಲ್ಲ. ಬಾ, ಎಲ್ಲರ ಜೊತೆ ಆರಾಮಾಗಿ ಕೂತ್ಕೊ. ನಾನಿದ್ದೀನಲ್ಲ."

ನಾನಿದ್ದೀನಲ್ಲ ಎಂಬ ಆ ಒಂದು ಮಾತನ್ನು ಅವಳು ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಉದ್ದಕ್ಕೂ ಚಪ್ಪರಿಸಿದ್ದಳು.

ರಜೆಯ ಮೊದಲ ಬೆಳಿಗ್ಗೆ ಬಂದಿಳಿದಾಗ ಮನೆಯೆಲ್ಲ ಬೆಣ್ಣೆ ಕಾಯಿಸಿದ ವಾಸನೆ. ಅಮ್ಮ ಒಲೆಯ ಮುಂದಿದ್ದಳು. ಅತ್ತಿಗೆ ಪಾತ್ರೆಗಳ ನಡುವೆ ಕಾಣದಂತಾಗಿದ್ದಳು. ತಂಗಿಯ ಗಂಡನಿಗೆ ಬೇಕರಿಯಲ್ಲಿ ಕೆಲಸ. ಅವನು ಕೇಕಿನ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಗದ್ದದಿಂದ ಒತ್ತಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. ಅವಳನ್ನು ಕಂಡವನೇ, "ಅಕ್ಕಾ, ನೀವೇನಾ? ನಿಮ್ಮ ಬದಲು ಯಾರನ್ನ ಕಳಿಸಿದ್ರಿ?" ಎಂದ.

ಅವಳು ನಕ್ಕಳು. ಲೆಕ್ಕಾಚಾರವೆಲ್ಲ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಮೊದಲು ತರಕಾರಿ. ಕರಿದದ್ದು ರುಚಿಗೆ ಒಂದಿಷ್ಟು. ಅಮ್ಮ ಹಾಲನ್ನು ಗಟ್ಟಿಯಾಗಿ ಕುದಿಸಿ ಮಾಡುವ ಸಿಹಿಯಲ್ಲಿ ಒಂದು ತುಂಡು, ಊಟದ ಕೊನೆಗೆ. ಆ ತುಂಡಿಗಾಗಿಯೇ ವಾರವಿಡೀ ಸಂಜೆಯ ನಡಿಗೆಯನ್ನು ಉದ್ದ ಮಾಡಿದ್ದಳು. ಅದು ಬೇಡ ಎಂದು ಬಿಟ್ಟಿದ್ದರೆ ಸುಲಭವಾಗುತ್ತಿತ್ತು. ಆದರೆ ಬೇಡ ಅಂದುಕೊಂಡಿರಲಿಲ್ಲ. ಇಷ್ಟು ಮಾತ್ರ ಅಂದುಕೊಂಡಿದ್ದಳು. ಇಷ್ಟು ಮಾತ್ರ ಎನ್ನುವುದನ್ನು ಕಲಿಯಲು ಒಂದು ವರ್ಷ ಹಿಡಿದಿತ್ತು.

ಅವಳಿಗೆ ಹೊಲಿದಿಟ್ಟ ಡ್ರೆಸ್ಸು ಕಡುನೀಲಿ. ಅಮ್ಮನ ಕೋಣೆಯ ಬಾಗಿಲು ಹಾಕಿಕೊಂಡು ತೊಟ್ಟಳು. ಮೈಗೆ ಹೇಳಿ ಮಾಡಿಸಿದಂತೆ ಕೂತಿತು. ಕನ್ನಡಿಯ ಮುಂದೆ ಹಿಂದಕ್ಕೂ ಮುಂದಕ್ಕೂ ತಿರುಗಿದಳು. ಪಕ್ಕೆಯಲ್ಲಿ ಏನೋ ದಪ್ಪಗೆ ಒತ್ತುತ್ತಿತ್ತು. ಬಿಚ್ಚಿ, ಒಳಮೈ ಹೊರಳಿಸಿ, ಕಿಟಕಿಯ ಬೆಳಕಿಗೆ ಹಿಡಿದಳು.

ಬಟ್ಟೆ ಹೆಚ್ಚಿಗೆ ಬಿಟ್ಟಿದ್ದ. ಅದು ಸರಿಯೇ, ದರ್ಜಿಗಳೆಲ್ಲ ಬಿಡುತ್ತಾರೆ. ಆದರೆ ಆ ಹೆಚ್ಚಿನ ಬಟ್ಟೆಯ ಮೇಲೆ, ಹೊಲಿಗೆಯಿಂದ ಬಹಳ ಆಚೆಗೆ, ಇನ್ನೊಂದು ಹೊಲಿಗೆ ಓಡಿತ್ತು. ಕಂಕುಳಿನಿಂದ ಸೊಂಟದವರೆಗೆ ಅಚ್ಚುಕಟ್ಟಾಗಿ, ಎರಡೂ ಪಕ್ಕದಲ್ಲಿ. ಒಳಗಿನ ಹೊಲಿಗೆಯನ್ನು ಬ್ಲೇಡಿನಿಂದ ಎಳೆದು ಬಿಚ್ಚಿದರೆ ಸಾಕು, ಹೊರಗಿನದು ಆಗಲೇ ತಯಾರಾಗಿ ಕಾಯುತ್ತಿತ್ತು. ಅವಳು ಎರಡು ಹೊಲಿಗೆಗಳ ನಡುವೆ ಬೆರಳಿಟ್ಟು ನೋಡಿದಳು. ಹೊರಗಿನದು ಯಾವ ಅಳತೆಯೆಂದು ತಿಳಿಯಲು ಟೇಪು ಬೇಕಿರಲಿಲ್ಲ. ಕಳೆದ ವರ್ಷದ ಅವಳು ಅದು.

ಡ್ರೆಸ್ಸನ್ನು ಮತ್ತೆ ತೊಟ್ಟು ಅಂಗಡಿಗೆ ಇಳಿದಳು. ಅಣ್ಣ ಯಾರದ್ದೋ ಪ್ಯಾಂಟಿಗೆ ಕೊನೆಯ ಗುಂಡಿ ಹಾಕುತ್ತಿದ್ದ.

"ಆಹಾ, ನೋಡು ಹೆಂಗ್ ಕೂತಿದೆ!"

"ಎರಡನೇ ಹೊಲಿಗೆ ಯಾಕಣ್ಣ?"

ಅವನು ದಾರವನ್ನು ಹಲ್ಲಿನಿಂದ ಕಡಿದ. "ಯಾವ್ದು? ಓ, ಅದಾ. ಎಲ್ಲಾರ್ಗೂ ಹಾಕ್ತೀನಿ ಕಣೇ. ಅಭ್ಯಾಸ."

"ಅಮ್ಮನ ಬಟ್ಟೇಲಿ ಇಲ್ಲ. ಮಂಚದ ಮೇಲಿತ್ತು, ನೋಡ್ದೆ."

"ಅಮ್ಮ ಒಂದೇ ಸಮ ಇರ್ತಾಳೆ."

"ನಾನು?"

ಅಣ್ಣ ಗುಂಡಿಯನ್ನು ಸುಮ್ಮನೆ ಎಳೆದೆಳೆದು ನೋಡಿದ. ಮಾತಾಡಿದಾಗ ಅವನ ದನಿಯಲ್ಲಿ ಅಕ್ಕರೆಯಿತ್ತು, ಅದೇ ತಡೆಯಲಾಗದ್ದು. "ನೋಡಮ್ಮ, ನನ್ನ ಅಂಗಡೀಲಿ ಇದನ್ನೇ ನೋಡ್ತಾ ಬಂದಿದ್ದೀನಿ. ಸಣ್ಣ ಆಗಿ ಬರ್ತಾರೆ, ಕುಣ್ಕೊಂಡು ಹೊಲಿಸ್ಕೊಂಡು ಹೋಗ್ತಾರೆ. ಆಮೇಲೆ ಮುಖ ಸಣ್ಣ ಮಾಡ್ಕೊಂಡು ಬಿಚ್ಚಿಸೋಕೆ ಬರ್ತಾರೆ. ನಿಂಗೆ ಹಂಗೆ ಬಂದು ನಿಲ್ಲೋ ಕಷ್ಟ ಬೇಡ ಅಂತ ನಾನೇ ಹಾಕಿಟ್ಟೆ. ನಿನ್ನ ಒಳ್ಳೇದಕ್ಕೇ."

"ಅಂದ್ರೆ ನಂಬ್ಲಿಲ್ಲ ನೀನು."

"ನಂಬೋದು ಬಿಡೋದು ಏನೇ ಇದ್ರಲ್ಲಿ? ಬಟ್ಟೆ ವಿಷ್ಯ."

"ಕಣ್ಣಿನ ವಿಷ್ಯ ಅಣ್ಣ."

ಮೇಜಿನ ಮೇಲೆ ದೊಡ್ಡ ಕತ್ತರಿಯಿತ್ತು.

"ಕತ್ತರಿಸು," ಎಂದಳು. "ಆ ಬಟ್ಟೆ ತೆಗೆದ್ಬಿಡು. ಈಗ್ಲೇ."

ಅಣ್ಣ ಕತ್ತರಿ ಎತ್ತಿಕೊಂಡ. ಅವಳು ಬದಿಯಲ್ಲಿದ್ದ ಚಾದರ ಸುತ್ತಿಕೊಂಡು, ಡ್ರೆಸ್ಸು ಕಳಚಿ ಅವನ ಮುಂದಿಟ್ಟಳು. ಅವನು ಬಟ್ಟೆಯನ್ನು ಹರಡಿದ, ಅಂಗೈಯಿಂದ ಸವರಿದ, ಕತ್ತರಿಯ ಬಾಯಿಯನ್ನು ಅಂಚಿಗೆ ತಂದ. ಅಲ್ಲಿಯೇ ನಿಂತ. ಅವನ ಬಾಯಿ ಸುಳ್ಳು ಹೇಳಬಹುದು. ಕೈ ಹೇಳಲಾರದು.

"ಕತ್ತರಿಸಿದ್ರೆ ಮತ್ತೆ ಬರಲ್ಲ ಕಣೇ," ಎಂದ ಮೆಲ್ಲಗೆ. "ಒಳ್ಳೇ ಬಟ್ಟೆ."

ಮೇಲಿನಿಂದ ಅಮ್ಮ ಕೂಗಿದಳು. "ದುಂಡೀ! ಎಲ್ಲರೂ ಬನ್ರೋ, ಊಟ ಆರೋಗುತ್ತೆ!"

ಅವಳು ಅವನ ಕೈಯ ಕೆಳಗಿನಿಂದ ಡ್ರೆಸ್ಸನ್ನು ಎಳೆದುಕೊಂಡು ತೊಟ್ಟಳು. ಮೆಟ್ಟಿಲು ಹತ್ತುವಾಗ ಅಣ್ಣ ಹಿಂದೆಯೇ ಬರುತ್ತಿದ್ದ.

ಊಟದ ಮೇಜಿನಲ್ಲಿ ಅಮ್ಮನದೊಂದು ಪದ್ಧತಿ. ಎಲ್ಲರೂ ಎರಡನೆಯ ಸಲ ಬಡಿಸಿಕೊಳ್ಳುವವರೆಗೆ ಅವಳು ಕೂರುವುದಿಲ್ಲ. ಸೌಟು ಹಿಡಿದು ಬೆನ್ನ ಹಿಂದೆ ನಿಂತಿರುತ್ತಾಳೆ. ಯಾರಾದರೂ ಸಾಕು ಎಂದರೆ ಅಮ್ಮನನ್ನು ಉಪವಾಸ ಕೆಡವಿದ ಹಾಗೆ. ತಂಗಿ ಎರಡನೆಯ ಸಲ ಹಾಕಿಸಿಕೊಂಡಳು. ಅವಳ ಗಂಡ ಮೂರನೆಯ ಸಲಕ್ಕೆ ಪ್ಯಾಂಟಿನ ಗುಂಡಿ ಸಡಿಲಿಸಿ, "ಭಾವಾ, ನಂಗೆ ಇನ್ನೂ ಎರಡು ಇಂಚು ಬಟ್ಟೆ ಬಿಡ್ಬೇಕಿತ್ತು" ಎಂದ. ಎಲ್ಲರೂ ಘೊಳ್ಳೆಂದು ನಕ್ಕರು. ಅಣ್ಣ ನಗಲಿಲ್ಲ.

ಅವಳು ತರಕಾರಿ ಮುಗಿಸಿ, ಕರಿದ ಆಲೂಗಡ್ಡೆಯನ್ನು ನಿಧಾನ ಅಗಿದು, ತಟ್ಟೆಯನ್ನು ಖಾಲಿ ಮಾಡಿದ್ದಳು. ಅಮ್ಮನ ಸೌಟು ಬಂತು.

"ಸಾಕಮ್ಮ. ಆಮೇಲೆ ಸಿಹಿ ಒಂದು ತುಂಡು ತಿಂತೀನಿ."

"ಒಂದು ತುಂಡಾ? ಗುಬ್ಬಿಗೆ ಹಾಕಿದ ಹಾಗೆ? ಮೊದ್ಲು ಇದನ್ನ ತಿನ್ನು."

"ನಿಜವಾಗ್ಲೂ ಸಾಕು."

"ಅಕ್ಕ ಈಗ ಸಿನಿಮಾಕ್ಕೆ ಸೇರ್ತಾಳಂತೆ," ಎಂದಳು ತಂಗಿ.

"ಒಂದೇ ಒಂದು ಸೌಟು ಕಣೇ. ನನ್ನ ಕೈ ರುಚಿ ಕೆಟ್ಟೋಯ್ತಾ? ಬೆಳಿಗ್ಗೆಯಿಂದ ನಿಂತಿದ್ದೀನಿ ಕಾಲು ನೋವಲ್ಲಿ. ಯಾರಿಗೋಸ್ಕರ?" ಅಮ್ಮನ ಕಣ್ಣು ಒದ್ದೆಯಾಗುತ್ತಿತ್ತು. ಅದು ನಾಟಕವಲ್ಲ. ಅಮ್ಮನಿಗೆ ಪ್ರೀತಿ ಎಂದರೆ ಗೊತ್ತಿದ್ದದ್ದು ಬಡಿಸುವುದೊಂದೇ, ಅದೂ ಸೌಟಿನ ಅಳತೆಯಲ್ಲಿ.

ಅವಳು ತಟ್ಟೆಯ ಮೇಲೆ ಅಂಗೈ ಮುಚ್ಚಿದಳು. ಇದಕ್ಕೂ ಅವಳು ಸಿದ್ಧಳಾಗಿಯೇ ಬಂದಿದ್ದಳು. ಇನ್ನೊಂದು ನಿಮಿಷ ಹೀಗೇ ಕೂತರೆ ಅಮ್ಮ ಮುಖ ಊದಿಸಿಕೊಂಡು ಮುಂದಿನ ತಟ್ಟೆಗೆ ಹೋಗುತ್ತಾಳೆ; ಸಂಜೆಗೆ ಸರಿಹೋಗುತ್ತಾಳೆ. ಸೌಟು ಇನ್ನೇನು ಹಿಂದೆ ಸರಿಯುವುದರಲ್ಲಿತ್ತು.

"ಬಿಡಮ್ಮ ಅವಳ್ನ!" ಅಣ್ಣ ಇದ್ದಕ್ಕಿದ್ದಂತೆ ಮೇಜು ಗುದ್ದಿದ. "ಅಪ್ಪಂದೇ ಕಾಯಿಲೆ ಅವಳಿಗೆ. ಕಣ್ಣು ಹೋಗ್ತಿದೆ. ಗೊತ್ತಾ ನಿಮಗೆಲ್ಲ?"

ಚಮಚಗಳ ಸದ್ದು ನಿಂತಿತು. ಅಣ್ಣ ಅವಳ ಕಡೆ ನೋಡಿದ. ನೋಡು, ನಿನ್ನ ಪರವಾಗಿ ನಿಂತೆ ಎನ್ನುವ ಹಾಗೆ. ಅಂಗಡಿಯಲ್ಲಿ ಆಗದ್ದನ್ನು ಇಲ್ಲಿ ತೀರಿಸಿದ್ದ.

ಆಮೇಲೆ ಎಲ್ಲವೂ ಬಹಳ ಮೃದುವಾಗಿ ನಡೆಯಿತು. ಯಾರೂ ಬೈಯಲಿಲ್ಲ. ಅಮ್ಮ ಸೌಟು ಕೆಳಗಿಟ್ಟು, ಅವಳ ಕೈಯನ್ನು ನಯವಾಗಿ ಸರಿಸಿ, ತಟ್ಟೆಯನ್ನು ಎತ್ತಿಕೊಂಡು ಹೋದಳು. ಅತ್ತಿಗೆ ಸಿಹಿಯ ಪಾತ್ರೆಯನ್ನು ಮೇಜಿನ ಆ ತುದಿಗೆ ಸಾಗಿಸಿದಳು. ತಂಗಿಯ ಗಂಡ ತನ್ನ ಮುಂದಿದ್ದ ಕೇಕನ್ನು ಕರವಸ್ತ್ರದಿಂದ ಮುಚ್ಚಿ, "ಸಾರಿ ಅಕ್ಕ, ಗೊತ್ತಿರ್ಲಿಲ್ಲ" ಎಂದು ಪಿಸುಗುಟ್ಟಿದ. ಇನ್ನು ಅವನು ಅವಳನ್ನು ಯಾವತ್ತೂ ತಮಾಷೆ ಮಾಡುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಅಮ್ಮ ಅಪ್ಪನ ಹಳೆಯ ಬಟ್ಟಲಿನಲ್ಲಿ ಸಪ್ಪೆ ಸೂಪು ತಂದು ಅವಳ ಮುಂದಿಟ್ಟಳು. ಆ ಬಟ್ಟಲು ಇನ್ನೂ ಈ ಮನೆಯಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಅಮ್ಮ, ನಂಗೆ ಆ ಸಿಹೀಲಿ ಒಂದು ತುಂಡು ಬೇಕು. ಲೆಕ್ಕ ಇಟ್ಕೊಂಡೇ ಬಂದಿದ್ದೀನಿ. ತಿನ್ಬಹುದು ನಾನು."

"ಬೇಡ ಕಂದ."

"ಅಣ್ಣ, ಹೇಳು."

"ಬೇಡ ಅಂದ್ರೆ ಬೇಡಮ್ಮ," ಎಂದ ಅಣ್ಣ. "ಒಂದು ತುಂಡಲ್ಲೇ ಶುರು ಆಗೋದು."

ಅವಳು ಸೂಪು ಕುಡಿದಳು. ಮಾತು ಮತ್ತೆ ಹೊರಟಿತು, ತಗ್ಗಿದ ದನಿಯಲ್ಲಿ, ಅವಳನ್ನು ತಾಕದಂತೆ ಸುತ್ತಿಕೊಂಡು. ಸಿಹಿ ಹಂಚುವ ಹೊತ್ತಿಗೆ ಅಮ್ಮ, "ನೀನು ಒಳಗೆ ಹೋಗಿ ಸ್ವಲ್ಪ ಮಲಕ್ಕೋ" ಎಂದಳು. ಅವಳು ಎದ್ದು ಹೋದಳು. ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಊಟ ಮುಗಿದು ಎಲ್ಲರೂ ನಿದ್ದೆಗೆ ಬಿದ್ದಿದ್ದಾರೆಂದುಕೊಂಡು ಅವಳು ಅಡುಗೆಮನೆಗೆ ಬಂದಳು. ಪಾತ್ರೆಯಲ್ಲಿ ಸಿಹಿ ಇನ್ನೂ ಉಳಿದಿತ್ತು. ಚಾಕು ತೆಗೆದುಕೊಂಡು, ತಾನು ಗೊತ್ತು ಮಾಡಿಕೊಂಡಿದ್ದ ಅಳತೆಗೆ ಸರಿಯಾಗಿ, ಗಾಜು ಸವೆಸುವಷ್ಟೇ ಎಚ್ಚರದಿಂದ ಒಂದು ತುಂಡು ಕತ್ತರಿಸಿದಳು. ಕದಿಯುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ತಟ್ಟೆಗೆ ಹಾಕಿಕೊಂಡು ಕೂತು ತಿನ್ನಬೇಕೆಂದಿದ್ದರೂ ಅಲ್ಲಿ ಕುರ್ಚಿಯಿರಲಿಲ್ಲ. ನಿಂತೇ ಬಾಯಿಗಿಟ್ಟುಕೊಂಡಳು.

"ಅಮ್ಮಾ! ಬಾ ಇಲ್ಲಿ! ಅಕ್ಕ ಕದ್ದು ತಿಂತಿದ್ದಾಳೆ!" ನೀರು ಕುಡಿಯಲು ಬಂದ ತಂಗಿ ಬಾಗಿಲಲ್ಲಿ ನಿಂತಿದ್ದಳು.

ಎಲ್ಲರೂ ಬಂದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಿಗೆ ತಲೆ ತಗ್ಗಿಸಿದಳು. ಅಣ್ಣ ಮುಂದೆ ಬಂದು ಅವಳ ಕೈಯಿಂದ ಚಾಕುವನ್ನು ಮೆತ್ತಗೆ ಬಿಡಿಸಿಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಬೆಳಿಗ್ಗೆಯಿಂದ ಹೊತ್ತಿದ್ದ ಭಾರವನ್ನು ಇಳಿಸಿದವನ ನೆಮ್ಮದಿ ಅಲ್ಲಿತ್ತು. ಅದನ್ನು ಮರೆಮಾಡಬೇಕೆಂದು ಅವನಿಗೆ ತೋಚಿರಲೂ ಇಲ್ಲ.

"ಹೋಗ್ಲಿ ಬಿಡು," ಎಂದ. "ನಂಗೊತ್ತಿತ್ತು."

ಇಷ್ಟೇ ತುಂಡು, ಇದೊಂದೇ, ಇದಕ್ಕಾಗಿ ವಾರವಿಡೀ ನಡೆದಿದ್ದೆ ಎಂದು ಹೇಳಲು ಅವಳ ಬಾಯಿ ಖಾಲಿಯಿರಲಿಲ್ಲ. ಅವಳು ಅದನ್ನು ಉಗಿಯುತ್ತಾಳೋ ಏನೋ ಎಂದು ಎಲ್ಲರೂ ಅವಳ ತುಟಿಯನ್ನೇ ನೋಡುತ್ತಿದ್ದರು. ಅಮ್ಮ ಅಂಗೈ ಚಾಚಿ ಮುಂದೆ ಹಿಡಿದಿದ್ದಳು, ಮಗುವಿನ ಬಾಯಿಂದ ಕಲ್ಲು ತೆಗೆಸುವ ಹಾಗೆ.

ಅವಳು ಅಮ್ಮನ ಅಂಗೈ ನೋಡುತ್ತ ನುಂಗಿದಳು. ಯಾವ ರುಚಿಯೂ ತಿಳಿಯಲಿಲ್ಲ.