ಕಮಲಾಪುರದಲ್ಲಿ ಬ್ರೇಕು ಹಾಕಿದವರು ಯಾರು?

ಸಪ್ನಾಳ ಕೈ ಹಿಡಿಯಲು ಕಮಲಾಪುರದಲ್ಲಿ ಯಾರಿಗೂ ಅಪ್ಪಣೆ ಬೇಕಿರಲಿಲ್ಲ. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ ರಸ್ತೆ ಬದಿ ನಿಂತಳೆಂದರೆ ಸಾಕು, ಪುಣ್ಯ ಬೇಕಾದವರು ಯಾರಾದರೂ ಬಂದು, ಕೇಳದೆ ಹೇಳದೆ, ಗಪ್ಪನೆ ರಟ್ಟೆ ಹಿಡಿದು ಆಚೆ ದಾಟಿಸಿಬಿಡುತ್ತಿದ್ದರು. ಅವಳಿಗೆ ದಾಟಬೇಕಿತ್ತೋ ಇಲ್ಲವೋ, ಆ ಮಾತು ಬೇರೆ! ಒಮ್ಮೆಯಂತೂ ಬಸ್ಸಿಗೆ ಕಾಯುತ್ತಿದ್ದವಳನ್ನು ದಾಟಿಸಿ, ಬಸ್ಸು ತಪ್ಪಿಸಿ, ಮೇಲೆ ಆಶೀರ್ವಾದವನ್ನೂ ಮಾಡಿ ಹೋಗಿದ್ದರು.

ಹೀಗೆ ಬೆಳೆದವಳಿಗೆ ರೈಲು ಓಡಿಸುವ ಆಸೆ ಹುಟ್ಟಿದರೆ ಏನನ್ನಬೇಕು? ಈಗ ಅವಳಿಗೆ ಕಲಬುರಗಿಯ ಬ್ಯಾಂಕೊಂದರಲ್ಲಿ ಫೋನಿಗೆ ಉತ್ತರ ಕೊಡುವ ಕೆಲಸ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಖೋಲಿ, ಶನಿವಾರ ಬಂತೆಂದರೆ ಊರು. ಊರಿನ ರೈಲಿನಲ್ಲಿ ಎಂಜಿನ್ನಿಗೆ ಹತ್ತಿರದ ಡಬ್ಬಿಯನ್ನೇ ಹುಡುಕಿ ಕೂಡುವಳು. ಹಾರನ್ನು ಕೇಳಿದರೆ ಮೈ ಜುಮ್ಮೆನ್ನುವುದು. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟಗಳಿವೆ ಎಂದು ಯಾರೋ ಹೇಳಿದರೆಂದು ಎರಡು ಮೂರು ಆಡಿ ನೋಡಿದಳು. ಎಲ್ಲವೂ ಬರೀ ಚಿತ್ರ. ಪರದೆಯ ಮೇಲಿನ ಅಕ್ಷರ ಓದಿ ಹೇಳುವ ಕಂಪ್ಯೂಟರಿನ ದನಿಗೆ ಓದಲು ಒಂದಕ್ಷರ ಸಿಗಲಿಲ್ಲ.

ಆಗ ಸಿಕ್ಕವನು ಸುಮಂತ. ಕಲಬುರಗಿಯ ಪುರೋಹಿತ ಜಯತೀರ್ಥಾಚಾರ್ಯರ ಮಗ, ಅಪ್ಪನ ಮಂತ್ರಕ್ಕಿಂತ ಅವನಿಗೆ ಕಂಪ್ಯೂಟರೇ ಹೆಚ್ಚು ಒಲಿದಿತ್ತು. ಕಲಬುರಗಿಯಿಂದ ಕಮಲಾಪುರದವರೆಗೆ ಓಡುವ ರೈಲಾಟ ಕಟ್ಟುತ್ತಿದ್ದ. ಎಟಿಎಂ ಕಾರ್ಡಿನ ತಕರಾರಿಗೆ ಬ್ಯಾಂಕಿಗೆ ಫೋನು ಮಾಡಿದ್ದಾಗ ಅವನ ಹಿಂದೆ ಆಟದ ಹಾರನ್ನು ಕೂಗಿತು. ಸಪ್ನಾಳಿಗೆ ಕಾರ್ಡು ಮರೆತೇ ಹೋಯಿತು.

"ಸರ್, ಮನಿಯಾಗ ರೈಲ್ ಇಟ್ಟೀರೇನ್ರಿ?"

ವಿಷಯ ತಿಳಿದ ಮೇಲೆ ಅವಳು ಕೇಳಿದ ಎರಡನೆಯ ಪ್ರಶ್ನೆ: "ಕಣ್ಣು ಕಾಣದವ್ರಿಗಿ ಆಡ್ಲಾಕ ಬರ್ತದೇನ್ರಿ?"

"ಇಲ್ರಿ," ಎಂದ ಸುಮಂತ. ಆಮೇಲೆ ಯಾಕೋ ನಾಚಿಕೆಯಾಗಿ, "ಬರೋಹಂಗ ಮಾಡೋಣಂತ್ರಿ," ಎಂದ.

ಮಾಡಿದ, ಸುಳ್ಳಲ್ಲ. ವೇಗವೆಷ್ಟು, ಮುಂದಿನ ಸಿಗ್ನಲ್ಲಿನ ಬಣ್ಣ ಯಾವುದು, ಸ್ಟೇಷನ್ನು ಎಷ್ಟು ದೂರ, ಎಲ್ಲವನ್ನೂ ಆಟ ಬಾಯಿಬಿಟ್ಟು ಹೇಳತೊಡಗಿತು. ಸಪ್ನಾ ಮೊದಲ ಸಲ ಓಡಿಸಿದಾಗಲೇ ಗಾಡಿ ಕಮಲಾಪುರದ ಪ್ಲಾಟ್‌ಫಾರ್ಮಿಗೆ ಸರಿಯಾಗಿ ನಿಂತಿತು. "ಶಭಾಶ್! ಗಾಡಿ ಬರೋಬ್ಬರಿ ನಿಂತದ!" ಎಂದಿತು ಆಟ. ಎರಡನೆಯ ಸಲವೂ ಶಭಾಶ್. ಮೂರನೆಯ ಸಲವೂ. ಬ್ಯಾಂಕಿನ ಜವಾನನಿಂದ ಮ್ಯಾನೇಜರತನಕ ಎಲ್ಲರಿಗೂ ಹೇಳಿಕೊಂಡು ಬಂದಳು. ಹೇಳದೆ ಇರಲಾದೀತೆ? ತನ್ನ ಊರಿಗೆ ತನ್ನ ಕೈಯಾರೆ ರೈಲು ತಂದು ನಿಲ್ಲಿಸಿದವಳು!

ಆ ಶನಿವಾರ ಲ್ಯಾಪ್‌ಟಾಪು ಊರಿಗೆ ಒಯ್ದು ಅವ್ವನನ್ನು ಪಕ್ಕಕ್ಕೆ ಕೂಡಿಸಿಕೊಂಡಳು. ಅವ್ವ ಬಂಡೆಮ್ಮ ಅಂಗನವಾಡಿಯ ಸಹಾಯಕಿ. ಓಣಿಯ ಮಕ್ಕಳನ್ನೆಲ್ಲ ಒಂದೇ ಕೂಗಿಗೆ ಒಳಗೆ ಸೇರಿಸುವ ಗಂಟಲು. ಸಪ್ನಾ ಗಾಡಿ ಬಿಟ್ಟಳು. ಅರ್ಧ ದಾರಿಯಲ್ಲಿ ಒಳಮನೆಯಲ್ಲಿ ಹಾಲು ಉಕ್ಕಿದ ವಾಸನೆ ಬಂತು, ಎಲ್ಲವನ್ನೂ ಬಿಟ್ಟು ಓಡಿದಳು. ಒಲೆ ಆರಿಸಿ ಬರುವಷ್ಟರಲ್ಲಿ ಲ್ಯಾಪ್‌ಟಾಪು "ಶಭಾಶ್!" ಎಂದಿತ್ತು.

"ನೀ ಬರೋದ್ರಾಗ ನಿಂತೇ ಬಿಟ್ಟದ ನೋಡವ್ವಾ," ಎಂದಳು ಬಂಡೆಮ್ಮ ಹಿಗ್ಗಿನಿಂದ. "ಭಾಳ ಶಾಣ್ಯಾ ಅದ ನಿನ್ನ ಗಾಡಿ!"

ಸಪ್ನಾಳಿಗೆ ಅನುಮಾನ ಬಂತು. ಮತ್ತೆ ಗಾಡಿ ಬಿಟ್ಟು, ಬ್ರೇಕು ಮುಟ್ಟದೆ ಕೈಕಟ್ಟಿ ಕೂತಳು. ಮತ್ತೆ ಶಭಾಶ್. ಅಷ್ಟೂ ಶಭಾಶುಗಳಲ್ಲಿ ಒಂದೂ ತನ್ನದಲ್ಲವೆಂದು ತಿಳಿದು ಅವಳಿಗೆ ಅಳುವೇ ಬಂತು.

ಸೋಮವಾರ ನೇರ ಸುಮಂತನ ಮನೆಗೆ ಹೋದಳು.

"ನನ್ನ ಗಾಡಿಗಿ ಬ್ರೇಕ್ ಯಾರು ಹಾಕ್ತಾರ್ರಿ, ಸರ್?"

ಸುಮಂತ ಕೀಬೋರ್ಡು ಬದಿಗೆ ಸರಿಸಿದ. "ಕಡೀಗಿ ಒಂಚೂರು... ಆಟಾನ ಹಾಕ್ತದ್ರಿ. ತಪ್ಪಿದ್ರ ನಿಮಗ ಬ್ಯಾಸರ ಆಗ್ತದಂತ..."

"ಅಂದ್ರ ನೀವೂ ರಟ್ಟಿ ಹಿಡದು ದಾಟಿಸಿದ್ರಿ! ತಪ್ಪಿದ್ರ ತಪ್ಪಲಿ, ಆ ತಪ್ಪು ನಂದು. ನನ್ನ ಬ್ರೇಕ್ ನನಗ ಕೊಡ್ರಿ."

ಕೊಟ್ಟ. ಕೊಟ್ಟ ಮೇಲೆ ಗಾಡಿ ಕಮಲಾಪುರದಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ದೂರವೆಷ್ಟೆಂದು ದನಿ ಹೇಳಿ ಮುಗಿಸುವಷ್ಟರಲ್ಲಿ ಸ್ಟೇಷನ್ನು ಹಿಂದೆ ಬಿದ್ದಿರುತ್ತಿತ್ತು. ಸುಮಂತ ಬೀಪ್ ಬೀಪ್ ಸದ್ದು ಹಾಕಿ ನೋಡಿದ. "ಕಿವ್ಯಾಗ ನೊಣ ಹೊಕ್ಕಂಗ ಆಗ್ತದ್ರಿ," ಎಂದು ಸಪ್ನಾ ಅದನ್ನು ತೆಗೆಸಿದಳು. ಕಡೆಗೆ ಅವಳೇ ಹೇಳಿದಳು: "ಶನಿವಾರ ನನ್ನ ಜೋಡಿ ಖರೇ ರೈಲಿಗಿ ಬರ್ರಿ. ಕಣ್ಣು ಮುಚ್ಚಿ ಕೂಡ್ರಿ."

ಬಂದ, ಸದ್ದು ಹಿಡಿಯುವ ಯಂತ್ರ ಹಿಡಿದುಕೊಂಡು. ಮೀಟಿಂಗಿಗೆಂದು ಕಲಬುರಗಿಗೆ ಬಂದಿದ್ದ ಬಂಡೆಮ್ಮನೂ ಜೊತೆಗಿದ್ದಳು. ಊರಿಗೆ ಮುಂಚಿನ ಸೇತುವೆ ಧಡಧಡ ಎಂದಿತು. ಅಷ್ಟೇ! ಡಬ್ಬಿಗೆ ಡಬ್ಬಿಯೇ ಎದ್ದು ನಿಂತಿತು. ಮೇಲಿನಿಂದ ಚೀಲ ಇಳಿಸುವವರು, ಕಾಲಲ್ಲೇ ಚಪ್ಪಲಿ ತಡಕುವವರು, ಮಲಗಿದ ಕೂಸನ್ನು ಎಬ್ಬಿಸಿ ಅಳಿಸುವವರು. ಎಲ್ಲಕ್ಕೂ ಮೇಲೆ ಬಂಡೆಮ್ಮ: "ಏಳ್ರಿ, ಏಳ್ರಿ, ಊರ ಬಂತು!"

"ಇಷ್ಟ ಲಗೂ ಯಾಕ ಏಳ್ತಾರ್ರಿ?" ಎಂದ ಸುಮಂತ, ಕಣ್ಣು ಮುಚ್ಚಿಕೊಂಡೇ. "ಸ್ಟೇಷನ್ ಇನ್ನಾ ದೂರ ಅದಲ್ಲ?"

"ಊರ ಹತ್ರ ಬಂದ್ರ ನಮ್ಮ ಮಂದಿ ಕುಂತಲ್ಲಿ ಕೂಡಂಗಿಲ್ರಿ. ನನಗ ಬೇಕಾಗಿದ್ದು ಇದಾ! ಸೇತುವಿ ಸಪ್ಪಳಕ್ಕ ಬ್ರೇಕ್ ಮ್ಯಾಲ ಕೈ, ಮಂದಿ ಎದ್ದ ಕೂಡ್ಲೆ ಒತ್ತೋದು."

ಸುಮಂತ ಆ ಗದ್ದಲವನ್ನೆಲ್ಲ ಆಟಕ್ಕೆ ತುಂಬಿದ. ಮೊದಲು ಚೀಲ, ಆಮೇಲೆ ಚಪ್ಪಲಿ, ಆಮೇಲೆ ಬಾಗಿಲ ಹತ್ತಿರದ ನೂಕಾಟ. ಊರು ಹತ್ತಿರವಾದಷ್ಟೂ ಗದ್ದಲ ಹೆಚ್ಚುವುದು. ಸ್ಟೇಷನ್ನು ದಾಟಿಹೋದರೆ ಬೈಯಲು ಒಂದು ದನಿ ಬೇಕಿತ್ತು. ಆ ಕೆಲಸಕ್ಕೆ ಬಂಡೆಮ್ಮನಿಗಿಂತ ಬೇರೆ ಯಾರು ಬೇಕು? "ಏ, ಎಲ್ಲಿಗಿ ಒಯ್ಲಾಕತ್ತೀ ನಮ್ಮನ್ನ? ಊರ ಹಿಂದ ಬಿತ್ತಲ್ಲ!" ಎಂದು ಅಂಗನವಾಡಿಯ ಅಂಗಳದಲ್ಲಿ ನಿಂತು ಮನಸಾರೆ ಬೈದು ಕೊಟ್ಟಳು.

ಮುಂದಿನ ಶನಿವಾರ ಮಧ್ಯಾಹ್ನ ತಾಯಿ ಮಗಳು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತರು. ಮೊದಲ ಸಲ ಬೈಗುಳ ಬಿತ್ತು. ಎರಡನೆಯ ಸಲವೂ ಬಿತ್ತು. ತನ್ನದೇ ಬೈಗುಳ ಕೇಳಿ ಬಂಡೆಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಮೂರನೆಯ ಸಲ ಸೇತುವೆ ಧಡಧಡ ಎಂದಿತು, ಚೀಲಗಳು ಇಳಿದವು. ಏಳ್ರಿ, ಏಳ್ರಿ! ಬಂಡೆಮ್ಮನ ಕೈ ತಾನಾಗಿಯೇ ಹೋಗಿ ಮಗಳ ರಟ್ಟೆ ಹಿಡಿಯಿತು.

"ಅವ್ವಾ, ಕೈ ತೆಗಿ."

ಬಂಡೆಮ್ಮ ಕೈ ತೆಗೆದು ತನ್ನ ತೊಡೆಯ ಕೆಳಗಿಟ್ಟುಕೊಂಡು ಕೂತಳು. ಸಪ್ನಾ ಬ್ರೇಕು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಗಾಲಿಗಳು ಕಿರ್ರೆಂದವು. ಗಾಡಿ ನಿಂತಿತು. ಶಭಾಶ್ ಬರಲಿಲ್ಲ. "ಗಾಡಿ ನಿಂತದ. ಹಿಂದಿನ ಎರಡು ಡಬ್ಬಿ ಪ್ಲಾಟ್‌ಫಾರ್ಮಿನ ಹೊರಗವ," ಎಂದಿತು ಆಟ.

"ಅಯ್ಯ, ಈ ಸಲ ಬರೋಬ್ಬರಿ ನಿಂದರಲಿಲ್ಲಲ್ಲವ್ವಾ!"

ಸಪ್ನಾ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಹೌದವ್ವಾ. ಈ ಸಲ ನಿಲ್ಲಿಸಿದಾಕಿ ನಾನು."

ಬಂಡೆಮ್ಮ ತೊಡೆಯ ಕೆಳಗಿನ ಕೈ ಹೊರಗೆ ತೆಗೆದಳು. "ಹಂಗಾದ್ರ ಇರ್ಲಿ ಬಿಡು," ಎಂದಳು ಆಮೇಲೆ. "ಹಿಂದಿನ ಡಬ್ಬಿಯವ್ರು ಜಿಗದು ಇಳೀತಾರ."

ಸಂಜೆ ಇಬ್ಬರೂ ಕೆಂಪು ಬಾಳೆಹಣ್ಣು ತರಲು ಹೊರಟರು. ಹೆದ್ದಾರಿಯ ಅಂಚಿಗೆ ಬಂದಾಗ ಬಂಡೆಮ್ಮನ ಕೈ ಮೇಲೆದ್ದಿತು, ಅರ್ಧಕ್ಕೇ ನಿಂತಿತು.

"ದಾಟೋದದ ಏನವ್ವಾ?" ಎಂದು ಕೇಳಿದಳು.

"ದಾಟೋದದ," ಎಂದಳು ಸಪ್ನಾ. "ಆದ್ರ ನಾ ಹೇಳಿದಾಗ."

"ಹೂಂ ಡ್ರೈವರಮ್ಮ," ಎಂದಳು ಬಂಡೆಮ್ಮ. "ನೀ ಹೇಳಿದಾಗ."