ಚಂದ್ರಿಯ ಕಡಿವಾಣ

ಕುದುರೆ ಚಂದ್ರಿ ಇವತ್ತಿನ ಮದುವೆಗೂ ಬಾಯಿ ಬಿಡದಿದ್ದರೆ ಅದನ್ನು ಕೊಂಡೊಯ್ಯಲು ಮಧ್ಯಾಹ್ನ ಗೋಣಿಕೊಪ್ಪದಿಂದ ಲಾರಿ ಬರುವುದು ಖಂಡಿತ. ಮಾವ ಚೆಲುವರಾಜು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಆಸಾಮಿಯಲ್ಲ. ಬೆಳಗಿನ ಜಾವ ಪವಿತ್ರಾ ಸೆರಗು ಹೊದ್ದು ಲಾಯದ ಬಾಗಿಲು ತೆಗೆದಳು.

ಚಳಿ ಸಾಮಾನ್ಯದ್ದಲ್ಲ ಬಿಡಿ. ಮಾರ್ಗಶಿರದ ಮಂಜು ರಾವಂದೂರಿನ ಸುತ್ತ ಎಂಥಾ ಕವಿದಿತ್ತೆಂದರೆ, ಅಂಗಳದಾಚೆ ಬೆಂಕಿಯ ಕಾವಿನಲ್ಲಿ ಕೊನೆಯ ಸೊಪ್ಪು ಒಣಗುತ್ತಿದ್ದ ಹೊಗೆಸೊಪ್ಪಿನ ಬ್ಯಾರನ್ ಮನೆಯೂ ಕಾಣುತ್ತಿರಲಿಲ್ಲ. ಆ ಮನೆಗೆ ಹೊಟ್ಟೆಪಾಡು ಹೊಗೆಸೊಪ್ಪಿನದು, ಹೆಸರು ಮಾತ್ರ ಕುದುರೆಯದು. ಸುತ್ತಲ ಊರುಗಳ ಎಷ್ಟೋ ಮದುವೆ ಗಂಡುಗಳು ಚಂದ್ರಿಯ ಬೆನ್ನೇರಿಯೇ ಛತ್ರಕ್ಕೆ ಹೋದವರು.

ಅಂಥ ಸಾಧು ಕುದುರೆಗೆ ಚಳಿ ಶುರುವಾದ ಮೇಲೆ ಏನಾಯಿತೋ. ಹೋದ ತಿಂಗಳು ಕಡಿವಾಣ ಹಾಕಲು ಹೋದಾಗ ಹೇಗೆ ತಲೆ ಒದರಿತೆಂದರೆ, ಕಬ್ಬಿಣ ಬಂದು ಮಾವನ ಮುಂದಿನ ಹಲ್ಲಿಗೇ ಬಡಿದು ಅದನ್ನು ಉದುರಿಸಿತು. ಕುದುರೆ ಕಂಡರೆ ಎಲ್ಲರಿಗೂ ಕಾಲುನೋವು, ಚೆಲುವರಾಜುಗೆ ಹಲ್ಲುನೋವು ಎಂದು ಊರು ನಕ್ಕಿತು. ಮುಂದಿನ ಮದುವೆಯಲ್ಲಿ ಅದು ಮುಂಗಾಲೆತ್ತಿ ನಿಂತುಬಿಟ್ಟಿತು. ಗಂಡು ಪೇಟ ಹಿಡಿದುಕೊಂಡು ಆಟೋದಲ್ಲಿ ಹೋದ. ಆಗ ಊರು ನಗಲಿಲ್ಲ. ಗಂಡು ಬಿದ್ದಿದ್ದರೆ ಗತಿಯೇನು ಎಂದು ಮಾವ ಅವತ್ತೇ ಕುದುರೆ ಮಾರಲು ಲಾರಿಯವನಿಗೆ ಫೋನ್ ಮಾಡಿದ.

ಪವಿತ್ರಾ ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಚಂದ್ರಿಯೂ ಮರಿಯಾಗಿ ಬಂದಿತ್ತು. ತವರಿನ ನೆನಪಾಗಿ ಅತ್ತಾಗ ಅವಳು ಮುಖ ಒರಗಿಸಿದ್ದು ಅದರ ಕುತ್ತಿಗೆಗೆ. ಅದು ಹೊರಟುಹೋದರೆ ತನ್ನ ಮಾತನ್ನು ಪೂರ್ತಿ ಕೇಳುವ ಜೀವ ಈ ಮನೆಯಲ್ಲಿ ಇನ್ನೊಂದಿಲ್ಲ ಎನ್ನಿಸಿತು.

"ಆಯ್ತೇನವ್ವಾ? ವಾಲಗದೋರು ಬಂದ್ಬುಟ್ರು ಕಣ!" ಮಾವ ಅಂಗಳದಿಂದ ಕೂಗಿದ.

"ಬಂದೆ ಮಾವ!"

ಚಂದ್ರಿಗೆ ಹೊದಿಸಿದ್ದ ಕಂಬಳಿಯನ್ನು ಪೂರ್ತಿ ತೆಗೆಯದೆ ಅರ್ಧ ಮಡಚಿದಳು. ಒಲೆಯ ಪಕ್ಕ ಬೆಚ್ಚಗಿಟ್ಟಿದ್ದ ಬಟ್ಟೆ ಹಾಸಿ ಜೀನು ಇಟ್ಟಳು. ಹೊಟ್ಟೆಪಟ್ಟಿಯನ್ನು ಒಂದೇ ಸಲಕ್ಕೆ ಬಿಗಿಯದೆ, ಬೆನ್ನು ಸವರುತ್ತ ನಿಧಾನಕ್ಕೆ ಎಳೆದಳು. ಚಂದ್ರಿ ಕಿವಿ ಕೂಡ ಅಲುಗಿಸಲಿಲ್ಲ. ಕಡಿವಾಣ ಹತ್ತಿರ ತಂದಳೋ ಇಲ್ಲವೋ, ಮೂಗು ಅರಳಿಸಿ, ತುಟಿ ಬಿಗಿದು, ತಲೆಯನ್ನು ಸೂರಿಗೆ ತಾಗುವಷ್ಟು ಎತ್ತಿತು.

"ನಿನ್ ದಮ್ಮಯ್ಯ, ಒಂದ್ ಸಲ ಬಾಯ್ ಬುಡು. ತಣ್ಣಗಿಲ್ಲ ಕಣೇ."

ತಣ್ಣಗಿರಲು ಹೇಗೆ ಸಾಧ್ಯ? ಚಳಿಯಲ್ಲಿ ಕಬ್ಬಿಣ ನಾಲಿಗೆಗೆ ಚುರುಕ್ಕೆನ್ನುತ್ತದೆಂದು ಮಾವ ಹಿಂದೆಲ್ಲ ಅದನ್ನು ಅಂಗಿಯೊಳಗೆ ಅವಚಿಕೊಂಡು ಕೂರುತ್ತಿದ್ದ. ಈ ಚಳಿಗಾಲಕ್ಕೆ ಪವಿತ್ರಾಳೇ ಉಪಾಯ ಹೂಡಿ, ಮದುವೆಯ ಹಿಂದಿನ ರಾತ್ರಿ ಅದನ್ನು ಬ್ಯಾರನ್ನಿನ ಒಳಗೋಡೆಗೆ ನೇತುಹಾಕುತ್ತಿದ್ದಳು. ಬೆಳಿಗ್ಗೆ ತಂದು ಬಿಸಿ ಆರಿಸಿಕೊಂಡರೆ ಮುಗಿಯಿತು. "ಬುದ್ವಂತೆ ಕಣವ್ವ ನೀನು" ಎಂದು ಮಾವನೇ ಮೆಚ್ಚಿದ್ದ.

ಇವತ್ತು ಬಿಸಿ ಹೆಚ್ಚೇ ಆರಿಹೋಯಿತೇ? ಬೆರಳು ಮರಗಟ್ಟಿದ್ದರಿಂದ ಏನೂ ತಿಳಿಯಲಿಲ್ಲ. ಹೊರಗೆ ವಾಲಗ ಮೊದಲಾಯಿತು. ಬೇರೆ ದಾರಿ ಕಾಣದೆ ಕಡಿವಾಣಕ್ಕೆ ತನ್ನ ನಾಲಿಗೆಯನ್ನೇ ಹಚ್ಚಿ ನೋಡಿದಳು.

ಹಿತವಾಗಿ ಬೆಚ್ಚಗಿತ್ತು. ಮರುಕ್ಷಣವೇ ಕಹಿ ಗಂಟಲಿಗೆ ಇಳಿಯಿತು. ಎಂಥ ಕಹಿ! ಥೂ ಎಂದು ಉಗಿದಳು, ಕಣ್ಣಲ್ಲಿ ನೀರು ಬಂತು. ಅದು ಹೊಗೆಸೊಪ್ಪಿನ ಜಿಗಟು. ಈ ಕಾಲದಲ್ಲಿ ಮನೆಮಂದಿಯ ಬಟ್ಟೆ, ಕೂದಲು, ಹಾಸಿಗೆ ಎಲ್ಲಕ್ಕೂ ಅದೇ ಘಾಟು ಹತ್ತಿರುವಾಗ ಅದನ್ನು ಪ್ರತ್ಯೇಕವಾಗಿ ಮೂಸಿ ನೋಡುವವರಾರು? ಪಾಪದ ಪ್ರಾಣಿಗೆ ಚಳಿ ಶುರುವಾದಾಗಿನಿಂದ ಅವಳು ತನ್ನ ಕೈಯಾರೆ ವಿಷ ತಿನ್ನಿಸಲು ಹೋಗಿದ್ದಳು.

ಅಡುಗೆಮನೆಗೆ ಓಡಿದಳು. ಕೈಗಂಟಿದ ಜಿಗಟು ಬಿಡಿಸಲು ಇಟ್ಟಿದ್ದ ಹುಣಸೆಹಣ್ಣಿನಲ್ಲಿ ಕಡಿವಾಣವನ್ನು ತಿಕ್ಕಿ ತಿಕ್ಕಿ, ಬಿಸಿನೀರಲ್ಲಿ ತೊಳೆದು, ಒರೆಸಿ ಮತ್ತೆ ನೆಕ್ಕಿ ನೋಡಿದಳು. ಕಹಿ ಹೋಗಿತ್ತು. ಕುಪ್ಪಸದೊಳಗೆ ಅವಚಿಕೊಂಡು ಬಂದು, ಅಂಗೈಯಲ್ಲಿ ಬೆಲ್ಲದ ಚೂರಿನ ಜೊತೆ ಹಿಡಿದಳು. ಚಂದ್ರಿ ಬಹಳ ಹೊತ್ತು ಮೂಸಿತು. ಪವಿತ್ರಾ ಉಸಿರು ಬಿಗಿಹಿಡಿದು ನಿಂತಳು. ಕೊನೆಗೆ ತುಟಿ ಸಡಿಲವಾಯಿತು, ಬೆಲ್ಲದ ಜೊತೆಗೇ ಕಡಿವಾಣವೂ ಒಳಗೆ ಹೋಯಿತು.

ತಿರುಗಿದರೆ ಮಾವ ಬಾಗಿಲಲ್ಲಿ ನಿಂತಿದ್ದ.

"ಅಂತೂ ಬುದ್ದಿ ಬಂತು ಇವ್ಳಿಗೆ" ಎಂದ.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅನ್ನಲು ಬಾಯಿ ಬರಲಿಲ್ಲ.

"ಅವ್ಳಿಗಲ್ಲ ಮಾವ. ಬ್ಯಾರನ್ನಲ್ಲಿಟ್ಟು ಕಡಿವಾಣಕ್ಕೆಲ್ಲ ಹೊಗೆಸೊಪ್ಪಿನ ಕಹಿ ಹತ್ಬುಟ್ಟಿತ್ತು. ನಿಮ್ ಹಲ್ಲು ಉದುರ್ಸಿದ್ದು ಚಂದ್ರಿಯಲ್ಲ, ನಾನು."

ಚೆಲುವರಾಜು ಸೊಸೆಯನ್ನು ನೋಡಿದ, ಕುದುರೆಯನ್ನು ನೋಡಿದ. ನಾಲಿಗೆ ತಾನಾಗಿ ಹಲ್ಲಿಲ್ಲದ ಸಂದಿಗೆ ಹೋಯಿತು. ಪವಿತ್ರಾ ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು.

"ಅಂಗಾದ್ರೆ ಲಾರಿಗೆ ನಿನ್ನೇ ಅತ್ತುಸ್ಬೇಕಾಯ್ತದೆ" ಎಂದ ಅವನು, ಜೇಬಿಗೆ ಕೈಹಾಕಿ ಫೋನ್ ತೆಗೆದು ಅವಳ ಕೈಗಿಟ್ಟು. "ತಗೊ, ಬರ್ಬ್ಯಾಡ ಅಂತ ಅವನಿಗೆ ನೀನೇ ಯೋಳು. ಹಲ್ಲಿಲ್ಲದೆ ನನ್ ಮಾತು ಅವನಿಗೆ ಅರ್ಥ ಆಗಾಕಿಲ್ಲ."