ಅತಿ ಚಿಕ್ಕ ಹಗಲಿನ ಒಂದು ಸುತ್ತು

ನನ್ನ ಗಂಡ ಗ್ರಾಂಟ್‌ನ ಹಳೆಯ ವೆಟ್‌ಸೂಟ್, ನೀರಿಗಿಳಿಯಲು ಹಾಕುವ ಬಿಗಿ ರಬ್ಬರ್ ಉಡುಪು, ನನ್ನ ತೊಡೆಯವರೆಗೆ ಬಂದು ನಿಂತುಬಿಟ್ಟಿತು. ಮೇಲಕ್ಕೂ ಏರದು, ಕೆಳಕ್ಕೂ ಇಳಿಯದು. ಸಲೀಸಾಗಿ ಜಾರಲಿ ಎಂದು ಪಾದಗಳಿಗೆ ಸಿಕ್ಕಿಸಿಕೊಂಡಿದ್ದ ಬ್ರೆಡ್ಡಿನ ಚೀಲಗಳು ಒಳಗೆಲ್ಲೋ ಮುದುಡಿ ಚರಪರ ಎನ್ನುತ್ತಿದ್ದವು. ಅಡುಗೆಮನೆಯ ನೆಲದ ಮೇಲೆ ಅಂಗಾತ ಬಿದ್ದಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಎದೆಯಿಂದ ಕತ್ತಿಗೆ, ಕತ್ತಿನಿಂದ ಕಿವಿಗೆ ಸೆಕೆ ಏರಿತು. ಮುಟ್ಟು ನಿಲ್ಲುವ ಕಾಲದ, ಐವತ್ತೆರಡರ ಸೆಕೆ. ಹೊರಗೆ ಹುಲ್ಲೆಲ್ಲ ಹೆಪ್ಪುಗಟ್ಟಿ ಬೆಳ್ಳಗಿದ್ದರೂ ಅದಕ್ಕೆ ಅದರ ಪರಿವೆ ಇಲ್ಲ.

"ನಿಂಗ್ಯಾಕೆ ಸೂಟು, ರೇವಿನ್? ಹಾಗೇ ಇಳಿದ್ರೆ ಸರೋವರಾನೇ ಬಿಸಿ ಆಗುತ್ತೆ," ಎಂದ ಗ್ರಾಂಟ್, ಟೋಸ್ಟ್ ಅಗಿಯುತ್ತಾ.

"ನಗಬೇಡ. ಹಿಡಿದು ಎಳಿ."

"ಯಾವ ಕಡೆಗೆ?"



ಭೂಮಿಯ ನಮ್ಮ ಈ ದಕ್ಷಿಣಾರ್ಧದಲ್ಲಿ ಜೂನ್ ಎಂದರೆ ನಡುಚಳಿಗಾಲ. ಆ ತಿಂಗಳ ಅತಿ ಚಿಕ್ಕ ಹಗಲಿನಂದು ನಮ್ಮ ಬೆನ್ಮೋರ್ ಸರೋವರದಲ್ಲಿ ಸ್ಕೀ ಕ್ಲಬ್ಬಿನವರೆಲ್ಲ ಒಬ್ಬೊಬ್ಬರಾಗಿ, ದೋಣಿ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಸ್ಕೀ ಮಾಡುತ್ತಾರೆ. ದೋಣಿ ಕಟ್ಟುವ ಜೆಟ್ಟಿಯಿಂದ ಹೊರಟು, ದ್ವೀಪವನ್ನು ಬಳಸಿ, ಮತ್ತೆ ಜೆಟ್ಟಿಗೆ. ಒಂದು ಸುತ್ತು. ಇಪ್ಪತ್ತನಾಲ್ಕು ವರ್ಷಗಳಿಂದ ಆ ದಿನ ನಾನು ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕುಳಿತಿದ್ದೇನೆ. ಓಡಿಸುವವನು ಮುಂದೆ ನೋಡಬೇಕು, ಇನ್ನೊಬ್ಬರು ಹಗ್ಗದ ತುದಿಯಲ್ಲಿರುವವರನ್ನು ನೋಡುತ್ತಾ, ಬಿದ್ದರೆ ಕೂಗಬೇಕು. ಅದು ನಿಯಮ. ಮೊದಲು ಗಂಡನನ್ನು ನೋಡಿದೆ, ಆಮೇಲೆ ಇಬ್ಬರು ಮಕ್ಕಳನ್ನು, ಆಮೇಲೆ ಅವರ ಗೆಳೆಯರನ್ನು. ಎಲ್ಲ ಮುಗಿದ ಮೇಲೆ ದಡಕ್ಕೆ ಬಂದು ಅವರಿಗೆಲ್ಲ ಸೂಪ್ ಬಡಿಸಿದೆ. ದೊಡ್ಡವನು ಹೊಟ್ಟೆಯಲ್ಲಿದ್ದಾಗ ಬಿಟ್ಟ ಸ್ಕೀ ಅದು. ಯಾರೂ ಬೇಡ ಅಂದಿರಲಿಲ್ಲ. ಮತ್ತೆ ಮಾಡು ಅಂದವರೂ ಇರಲಿಲ್ಲ.

ಈಗ ದೋಣಿ ಮಾರುತ್ತಿದ್ದೆವು. ಕೊಳ್ಳುವವರು ಚಿಕ್ಕ ಹಗಲಿನ ಮರುದಿನವೇ ಬಂದು ಒಯ್ಯುವವರಿದ್ದರು. ಮೇ ತಿಂಗಳ ಒಂದು ಊಟದ ಹೊತ್ತಿನಲ್ಲಿ ನಾನು, "ಈ ಸಲ ಸುತ್ತು ನಾನು ಹೋಗ್ತೀನಿ," ಎಂದಿದ್ದೆ. ಗ್ರಾಂಟ್ ಫೋರ್ಕು ಕೆಳಗಿಟ್ಟ. "ಒಳ್ಳೇದು," ಎಂದ. ಮತ್ತೆ ಫೋರ್ಕು ಎತ್ತಿಕೊಂಡು, "ಹಾಗಾದ್ರೆ ಹಿಂದೆ ನೋಡೋರ್ಯಾರು?" ಎಂದ.

ನೆಲದ ಮೇಲೆ ನಾನು ಒದ್ದಾಡುತ್ತಿರುವಾಗಲೇ ಹಿಂಬಾಗಿಲು ತೆರೆದು ನನ್ನ ಅತ್ತೆ ನೊಯೆಲೀನ್ ಒಳಗೆ ಬಂದರು. ಎರಡು ಮನೆಯಾಚೆ ಅವರ ಮನೆ. ಎಪ್ಪತ್ತೆಂಟು ವಯಸ್ಸು, ನೆಟ್ಟಗಿನ ಬೆನ್ನು. ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ನನ್ನ ಮೇಲೆ ದನಿ ಎತ್ತಿದವರಲ್ಲ. ಒಮ್ಮೆಯೂ ನನ್ನನ್ನು ತಬ್ಬಿಕೊಂಡವರೂ ಅಲ್ಲ. ಕ್ರಿಸ್ಮಸ್ ದಿನ ಮುತ್ತಿಡಲು ಕೆನ್ನೆ ಮುಂದೆ ಮಾಡುತ್ತಿದ್ದರು, ತೊಳೆದಿಟ್ಟ ತಟ್ಟೆಯ ಹಾಗೆ.

"ಇದನ್ನ ಇವಳಿಗೆ ಕೊಟ್ಟೋರ್ಯಾರು?"

"ಐದು ಮಿಲಿಮೀಟರ್ ದಪ್ಪ ಅಮ್ಮ. ಬೆಚ್ಚಗಿರುತ್ತೆ."

"ಮೈಗೆ ಅಂಟಿಕೊಂಡ್ರೆ ತಾನೇ ಬೆಚ್ಚಗಿರೋದು? ಒಳಗೆ ಬಂದ ನೀರು ಅಲ್ಲೇ ನಿಂತು ಮೈ ಕಾವಿಗೆ ಬಿಸಿ ಆಗ್ಬೇಕು. ನಿನ್ನ ಅಳತೇದು ಇವಳಿಗೆ ತೊಡೆ ಹತ್ರ ಬಿಗಿ, ಬೆನ್ನ ಹತ್ರ ಹೊಳೇನೇ ಹರಿಯುತ್ತೆ." ಬಗ್ಗಿ ನನ್ನ ಹಿಮ್ಮಡಿ ಹಿಡಿದು ಒಂದೇ ಎಳೆತಕ್ಕೆ ಬಿಡಿಸಿದರು. "ಎದ್ದೇಳು. ನಮ್ಮನೆಗೆ ಬಾ."

ಅವರ ಗ್ಯಾರೇಜಿನಲ್ಲಿ ಒಂದು ಗೋಡೆಯುದ್ದಕ್ಕೂ ಸೂಟುಗಳು ನೇತಾಡುತ್ತಿದ್ದವು, ಮನೆಮಂದಿಯೆಲ್ಲ ಮೂವತ್ತು ವರ್ಷಗಳಲ್ಲಿ ತೊಟ್ಟುಬಿಟ್ಟವು. ನೊಯೆಲೀನ್ ಮುಟ್ಟುವ ಮೊದಲೇ ಕೇಳಿದರು:

"ಎಷ್ಟು ಸಲ ಬೀಳ್ತೀಯ?"

"ಬೀಳಲ್ಲ."

"ಸುಳ್ಳು ಹೇಳ್ಬೇಡ. ದಿನವಿಡೀ ಬಿದ್ದು ಎದ್ದು ಆಡೋರಿಗೆ ವೆಟ್‌ಸೂಟು. ಒಂದೇ ಸುತ್ತು, ಚಳಿಗೆ ಮೈ ಮರಗಟ್ಟಬಾರದು ಅನ್ನೋರಿಗೆ ಒಳಗೆ ನೀರೇ ಬಿಡದ ಡ್ರೈಸೂಟು. ಎಷ್ಟು ಸಲ?"

"ಒಂದ್ಸಲ ಬೀಳಬಹುದು."

"ಹ್ಞೂಂ."

ಮೊದಲು ಅವರದೇ ಹಳೆಯ ವೆಟ್‌ಸೂಟ್ ಕೊಟ್ಟರು. ಹೆಂಗಸರ ಅಳತೆಯದು. ಅದು ಏರಿತು. ಜಿಪ್ ಹಾಕಿದ್ದೂ ಆಯಿತು. ಕನ್ನಡಿಯಲ್ಲಿ ಹೊಟ್ಟೆ ಸಪಾಟಾಗಿ, ಹದಿನೆಂಟು ವರ್ಷದವಳ ನೆರಳಿನಂತೆ ಕಂಡೆ. ಆದರೆ ಉಸಿರು ಪಕ್ಕೆಲುಬಿನಿಂದ ಕೆಳಗಿಳಿಯುತ್ತಿರಲಿಲ್ಲ. ಫೋಟೋದಲ್ಲಿ, ಮದುವೆ ಮನೆಗಳಲ್ಲಿ, ಮಕ್ಕಳ ಶಾಲೆಯ ಬಾಗಿಲಲ್ಲಿ ಹೊಟ್ಟೆಯನ್ನು ಒಳಕ್ಕೆಳೆದು ನಿಂತೇ ಅಭ್ಯಾಸವಾದವಳು ನಾನು. ನೀರಿನ ಮೇಲೂ ಹಾಗೆಯೇ ನಿಲ್ಲಬೇಕೇ?

"ಚೆನ್ನಾಗಿ ಕಾಣ್ತೀಯ," ಎಂದರು ನೊಯೆಲೀನ್.

"ಉಸಿರಾಡೋಕಾಗ್ತಿಲ್ಲ."

"ಹಾಗಾದ್ರೆ ಚೆನ್ನಾಗಿ ಕಂಡು ಏನ್ ಮಾಡ್ತೀಯ?"

ಮೂಲೆಯಲ್ಲಿದ್ದ ಡ್ರೈಸೂಟ್ ಸಾಸಿವೆ ಬಣ್ಣದ್ದು, ದೊಗಳೆ, ನೋಡಲು ಖಾಲಿ ಮೂಟೆ. ನೊಯೆಲೀನ್ ಅದರ ಕತ್ತಿನ, ಮಣಿಕಟ್ಟಿನ ರಬ್ಬರನ್ನು ಬೆರಳಲ್ಲಿ ಎಳೆದೆಳೆದು ಬೆಳಕಿಗೆ ಹಿಡಿದು ನೋಡಿದರು. ಬಿರುಕಿರಲಿಲ್ಲ. ರಬ್ಬರಿಗೆ ಪೌಡರ್ ಸುರಿದು, ನನ್ನ ಓಲೆ ಬಿಚ್ಚಿಸಿ, ಕತ್ತಿನ ಕಿಂಡಿಯಿಂದ ನನ್ನ ತಲೆಯನ್ನು ಹೊರಗೆಳೆದರು. ಒಂದು ಕ್ಷಣ ಕತ್ತಲು, ಆಮೇಲೆ ಮೂಗಿನ ತುಂಬ ಪೌಡರ್. ಎರಡು ಸ್ವೆಟರ್ ಹಾಕಿಕೊಂಡರೂ ಜಾಗ ಉಳಿಯುತ್ತಿತ್ತು. ಕೈ ಬೀಸಿದೆ, ಕುಕ್ಕರುಗಾಲಲ್ಲಿ ಕೂತೆ, ಎದ್ದೆ. ಒಳಗೆ ನಾನು ದಪ್ಪವೋ ತೆಳ್ಳಗೋ, ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಬಟ್ಟೆಯೊಂದು ನನ್ನನ್ನು ಹೀಗೆ ಸುಮ್ಮನೆ ಬಿಟ್ಟದ್ದು ಯಾವ ಕಾಲದಲ್ಲೋ.

"ಇದೇ," ಎಂದೆ.

ಮನೆಗೆ ತಂದಾಗ ಗ್ರಾಂಟ್ ಹುಬ್ಬೇರಿಸಿದ. "ಡ್ರೈಸೂಟಾ? ಮುದುಕ್ರು ಹಾಕ್ಕೊಳ್ಳೋದು ಅದು!"

"ನೀನು ನಡುಗ್ತಾ ಯುವಕನಾಗಿರು," ಎಂದರು ಅವನ ತಾಯಿ.

ಚಿಕ್ಕ ಹಗಲಿನ ದಿನ ಬೆಳಿಗ್ಗೆ ನೀರು ಬಟ್ಟಲಲ್ಲಿಟ್ಟ ಹಾಲಿನಂತೆ ಅಲುಗದೆ ನಿಂತಿತ್ತು. ಬಿಸಿಲು ಜೆಟ್ಟಿ ಮುಟ್ಟುವಾಗ ಒಂಬತ್ತೂವರೆ. ಹನ್ನೊಂದಕ್ಕೆ ಗಾಳಿ ಏಳುವುದೆಂದು ಎಲ್ಲರಿಗೂ ಗೊತ್ತು. ಆಮೇಲೆ ಅಲೆ, ಆಮೇಲೆ ಯಾರಿಗೂ ಸುತ್ತಿಲ್ಲ. ನನ್ನ ಹಿಂದೆ ಇನ್ನೂ ನಾಲ್ವರು ಕಾಯುತ್ತಿದ್ದರು. ಹಿಂದೆ ನೋಡುವ ಸೀಟಿನಲ್ಲಿ ಕಂಬಳಿ ಹೊದ್ದು ನೊಯೆಲೀನ್ ಆಗಲೇ ಕೂತುಬಿಟ್ಟಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಗ್ರಾಂಟ್ ನನ್ನ ಜಿಪ್ ಎಳೆದು, ಮೇಲೆ ತೇಲುವ ಜಾಕೆಟ್ ಕಟ್ಟಿ, ಬೆನ್ನು ತಟ್ಟಿ ದೋಣಿ ಹತ್ತಿದ.

ಪಾದಗಳಿಗೆ ಸ್ಕೀ ಹಲಗೆ ಸಿಕ್ಕಿಸಿ, ಹಗ್ಗದ ಹಿಡಿ ಹಿಡಿದು ಜೆಟ್ಟಿಯ ಅಂಚಿನಿಂದ ನೀರಿಗಿಳಿದೆ. ಚಳಿ ಕಾಲನ್ನು ಸುತ್ತಿಕೊಂಡಿತು, ಒಳಗೆ ಬರಲಿಲ್ಲ. ಖುಷಿಯಾಗಿ ಏನೋ ಹೇಳಬೇಕೆನ್ನುವಷ್ಟರಲ್ಲಿ ನನ್ನ ಪಾದಗಳು ತಾವಾಗಿಯೇ ಮೇಲೆದ್ದು, ಸ್ಕೀಗಳೆರಡೂ ಆಕಾಶ ನೋಡಿದವು. ಸೂಟಿನೊಳಗಿದ್ದ ಗಾಳಿಯೆಲ್ಲ ಕಾಲಿಗೆ ಹೋಗಿತ್ತು. ಕಾಲು ಒತ್ತಿದರೆ ಭುಜ ಉಬ್ಬಿತು, ಭುಜ ಒತ್ತಿದರೆ ಹಿಂಬದಿ. ಹೊರಳಿದೆ. ಮತ್ತೆ ಅಂಗಾತವಾದೆ. ಗ್ರಾಂಟ್ ಏನೂ ತಿಳಿಯದೆ ದೋಣಿ ಓಡಿಸಿದ. ಹಗ್ಗ ಬಿಗಿಯಾಗಿ, ನಾನು ಬೆನ್ನ ಮೇಲೆ ಹತ್ತು ಮಾರು ಜಾರಿ, ಹಿಡಿ ಬಿಟ್ಟೆ.

"ರೇವಿನ್, ನೀನು ಸ್ಕೀ ಮಾಡ್ತಿದೀಯೋ, ದೋಣಿ ಆಗಿದೀಯೋ?" ಜೆಟ್ಟಿಯಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯೊಳಗೆ ಹಿಮದಂಥ ನೀರು ಹೋಯಿತು. ಆದರೆ ನಾಳೆ ದೋಣಿ ನಮ್ಮದಲ್ಲ. ಇದ್ದದ್ದು ಈ ಒಂದು ಬೆಳಿಗ್ಗೆ.

ಜೆಟ್ಟಿಗೆ ತಂದು ನನ್ನನ್ನು ಮೇಲೆಳೆದ ಮೇಲೆ ಗ್ರಾಂಟ್ ಮೆಲ್ಲಗೆ ಹೇಳಿದ: "ಸಾಕೇನೋ ಅಲ್ವಾ? ಗಾಳಿ ಬರೋ ಹೊತ್ತಾಯ್ತು. ಬೇರೆಯವರೂ ಕಾಯ್ತಿದಾರೆ."

ಇಪ್ಪತ್ತನಾಲ್ಕು ವರ್ಷ ನಾನು ಇಂಥ ಮಾತಿಗೆ ಕೂಡಲೇ ಸರಿ ಎಂದವಳು. ಈಗಲೂ ನಾಲಿಗೆಯ ತುದಿಗೆ ಅದೇ ಬಂದಿತ್ತು.

"ಗಾಳಿ ತೆಗೆದ್ಯಾ ನೀನು?" ದೋಣಿಯಿಂದ ನೊಯೆಲೀನ್ ಗದರಿದರು.

"ಯಾವ ಗಾಳಿ?" ಎಂದ ಮಗ.

"ಅಯ್ಯೋ, ವೆಟ್‌ಸೂಟ್ ಬುದ್ಧಿಯವನೇ! ಜಿಪ್ ಹಾಕಿದ್ಮೇಲೆ ಹಿಂಡಿ ತೆಗೀಬೇಕು ಕಣೋ. ಊದಿದ ಕಪ್ಪೇನ ಹಗ್ಗಕ್ಕೆ ಕಟ್ಟಿ ಎಳೆದ್ಯಲ್ಲ!"

ಕಂಬಳಿ ಒಗೆದು ಜೆಟ್ಟಿಗೆ ಹತ್ತಿದರು. "ಕೂತ್ಕೋ. ಮಂಡಿ ಎದೆಗೆ ತಗೋ. ಕತ್ತಿನ ರಬ್ಬರಲ್ಲಿ ಎರಡು ಬೆರಳು ಇಟ್ಟು ಸ್ವಲ್ಪ ತೆರಿ." ಕುಕ್ಕರುಗಾಲಲ್ಲಿ ಕೂತೆ. ಅವರೂ ಮಂಡಿಯೂರಿದರು, ಒಂದು ಕ್ಷಣ ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಕೈಗಳನ್ನು ಗಾಳಿಯಲ್ಲೇ ನಿಲ್ಲಿಸಿ, ಆಮೇಲೆ ನನ್ನನ್ನು ಮಂಡಿ ಸಮೇತ ಬಾಚಿ ತಬ್ಬಿ ಹಿಂಡಿದರು.

ನನ್ನ ಗದ್ದದ ಕೆಳಗಿಂದ, ಅವರ ಕಿವಿಗೆ ಸರಿಯಾಗಿ, ಅತ್ಯಂತ ಅಸಭ್ಯವಾದ ಒಂದು ಸದ್ದು ಉದ್ದಕ್ಕೆ ಹೊರಟಿತು.

"ಕ್ಷಮಿಸಿ," ಎಂದೆ.

"ಬಿಡೇ, ಇಪ್ಪತ್ತಾರು ವರ್ಷದ್ದು," ಎಂದರು. ಅವರ ಭುಜ ಕುಲುಕುತ್ತಿತ್ತು. ನೊಯೆಲೀನ್ ಹೀಗೆ ನಗುವುದನ್ನು ನಾನು ಕಂಡಿರಲಿಲ್ಲ. ಮತ್ತೊಮ್ಮೆ ಹಿಂಡಿದರು, ಮತ್ತೊಂದು ಸಣ್ಣ ಸದ್ದು. ಮೂರನೆಯ ಸಲ ಏನೂ ಬರಲಿಲ್ಲ. ಸೂಟ್ ಮೈಗೆ ಮೆತ್ತಿಕೊಂಡಿತ್ತು. ಆದರೂ ಅವರ ಕೈ ಸಡಿಲಲಿಲ್ಲ. ಉಣ್ಣೆಯ ಟೊಪ್ಪಿಯ, ಪುದೀನ ಮಿಠಾಯಿಯ ವಾಸನೆ.

"ಮುಗೀತಾ?" ಎಂದ ಗ್ರಾಂಟ್.

"ಇನ್ನೂ ಇದೆ," ಎಂದರು ಅವನ ತಾಯಿ.

ಎರಡನೆಯ ಸಲ ನೀರಿಗಿಳಿದಾಗ ಕಾಲು ಕಾಲಿನ ಹಾಗೆ ಕೆಳಗೇ ಇತ್ತು. ಕೈ ನೀಳವಾಗಿರಲಿ, ಮಂಡಿ ಮಡಚಿರಲಿ, ನೀನು ಏಳಬೇಡ, ದೋಣಿಯೇ ಎಬ್ಬಿಸಲಿ: ಎಷ್ಟು ಜನಕ್ಕೆ ಕೂಗಿ ಹೇಳಿದ್ದೆ ಇದನ್ನು! ಹಗ್ಗ ಬಿಗಿಯಿತು. ಸರೋವರದ ಭಾರವೆಲ್ಲ ಅಂಗಾಲಿಗೆ ಒತ್ತಿ ಬಂತು. ಮರುಕ್ಷಣ ಭಾರವೇ ಇಲ್ಲ. ನಿಂತಿದ್ದೆ.

ಗಾಳಿ ಕೆನ್ನೆಯನ್ನು ಕೊಯ್ಯುತ್ತಿತ್ತು, ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಸ್ವೆಟರಿನೊಳಗೆ ಹೊಟ್ಟೆ ತನಗೆ ಬೇಕಾದಂತೆ ಉಬ್ಬಿ ಇಳಿಯುತ್ತಿತ್ತು. ದ್ವೀಪದ ಬೋಳು ವಿಲೋ ಮರಗಳು ಪಕ್ಕದಲ್ಲಿ ಹರಿದು ಹೋದವು. ಅವನ್ನು ನಾನು ತಿರುಗಿ ನೋಡಲಿಲ್ಲ. ಹಗ್ಗದ ತುದಿಯಲ್ಲಿ ನಿಂತವರಿಗೆ ಕಾಣುವುದು ಒಂದೇ: ಹಿಂದಕ್ಕೆ ತಿರುಗಿ ಕೂತವರ ಮುಖ. ನೊಯೆಲೀನ್ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದರು. ಹಾಗಾದರೆ ನನ್ನ ಮಕ್ಕಳು ಇಷ್ಟು ವರ್ಷ, ಪ್ರತಿ ಸುತ್ತಿನಲ್ಲೂ, ನೋಡುತ್ತಿದ್ದದ್ದು ನನ್ನ ಮುಖವನ್ನೇ. ಆ ಸೀಟಿನಲ್ಲಿ ನನ್ನನ್ನು ಯಾರೂ ಕಾಣರು ಎಂದುಕೊಂಡಿದ್ದೆನಲ್ಲ!

ಜೆಟ್ಟಿ ಹತ್ತಿರವಾಯಿತು. ಇನ್ನು ನಾನು ಕೈಯಿಂದ ತಲೆ ತಟ್ಟಿಕೊಳ್ಳಬೇಕು, ಮನೆಗೆ ಎಂದು ಅದರ ಅರ್ಥ. ಕೈ ತಲೆಯವರೆಗೆ ಹೋಯಿತು. ಅಲ್ಲಿಂದ ಇನ್ನೂ ಮೇಲೇರಿ, ಬೆರಳು ಗಾಳಿಯಲ್ಲಿ ದೊಡ್ಡದೊಂದು ಸುತ್ತು ಬರೆಯಿತು.

ನೊಯೆಲೀನ್ ತಿರುಗಿ ಮಗನಿಗೆ ಏನೋ ಹೇಳಿದರು. ಅವನು ಆಗದೆಂದು ತಲೆಯಲ್ಲಾಡಿಸಿ, ಕಾಯುತ್ತಿದ್ದವರ ಕಡೆ ಕೈ ತೋರಿಸಿದ. ಅವರು ಅವನ ಟೊಪ್ಪಿಯನ್ನು ಕಣ್ಣಿನವರೆಗೆ ಎಳೆದುಬಿಟ್ಟರು. ದೋಣಿ ಎಡಕ್ಕೆ ವಾಲಿ ಜೆಟ್ಟಿಯನ್ನು ದಾಟಿತು.

"ಏಯ್ ರೇವಿನ್! ಸರದಿ ನಮ್ದು!" ಎಂದು ಸಾಲಿನಲ್ಲಿದ್ದವರು ಕೂಗಿದರು.

ಕ್ಷಮಿಸಿ ಎನ್ನಬೇಕಿತ್ತು. ಅನ್ನಲಿಲ್ಲ. ಮಂಡಿ ಮಡಚಿ, ಹಗ್ಗಕ್ಕೆ ಮೈಯೊಡ್ಡಿ, ಅವರ ಮೇಲೆ ಒಂದಿಷ್ಟು ನೀರು ಹಾರಿಸಿ ಹೋದೆ.